ನಿದ್ದೆಗಿಳಿ

ನಿಮ್ಮ ನೋಟಿಸು ಬಂದಿದೆ ಸ್ವಾಮಿ, ನನಗಲ್ಲ,
ಮೂರನೇ ಮನೆಯ ಹೊನ್ನೂರಪ್ಪನಿಗೆ.
ಓದಿಸಿಕೊಂಡು ಸುಮ್ಮನೆ ಎದ್ದು ಹೋದ.
ಉತ್ತರ ಬರೆಯುತ್ತಿರುವವಳು ನಾನು,
ಮೊಳಕಾಲ್ಮೂರಿನ ಪಂಪಕ್ಕ,
ರಟ್ಟಿಗೆ ತೂತು ಹೊಡೆಯುವವಳು.

ಸೆರಗಿನ ಮೇಲೆ ಕಣ್ಣು ಮುಚ್ಚಿ ಕೂತ ಗಿಳಿ
ನಿಮ್ಮ ಕಂಪನಿಯ ಸ್ವಂತ ಕಲ್ಪನೆ ಎಂದಿದ್ದೀರಿ.
ದಾಖಲಾಗಿದೆಯಂತೆ, ಮೊಹರು ಬಿದ್ದಿದೆಯಂತೆ,
ಇನ್ನು ಅವನ ಮಗ್ಗದಲ್ಲಿ ಅದು ಕೂರಬಾರದಂತೆ.
ಕೂತರೆ ಎರಡು ಲಕ್ಷ.

ನೀವು ಮಗ್ಗ ನೋಡಿದ್ದೀರೋ ಇಲ್ಲವೋ.
ಮೇಲೆ ರಟ್ಟಿನ ಸರ ಸುತ್ತುತ್ತದೆ,
ತೂತಿದ್ದಲ್ಲಿ ಎಳೆ ಏಳುತ್ತದೆ,
ತೂತಿಲ್ಲದಲ್ಲಿ ಮಲಗುತ್ತದೆ.
ಇಷ್ಟೇ. ಆನೆ, ಮಾವಿನಕಾಯಿ, ರುದ್ರಾಕ್ಷಿ,
ನಿಮ್ಮಮ್ಮ ಉಟ್ಟ ಧಾರೆ ಸೀರೆ,
ಎಲ್ಲಾ ಇರುವ ತೂತು ಇಲ್ಲದ ತೂತುಗಳ ಲೆಕ್ಕ.

ಗಿಳಿ ನಮ್ಮಪ್ಪನದು. ಸಣ್ಣ ಪಾಲಯ್ಯನದು.
ಅಲ್ಲ, ಅದೂ ಪೂರ್ತಿ ನಿಜವಲ್ಲ.
ಬಸ್ಸಿನಲ್ಲಿ ಪಕ್ಕ ಕೂತ ಮುದುಕಿಯೊಬ್ಬಳ
ತೊಡೆಯ ಮೇಲಿನ ಕೌದಿಯ ಮೂಲೆಯಲ್ಲಿ ಅಪ್ಪ ಅದನ್ನು ಕಂಡ.
ಟಿಕೇಟಿನ ಬೆನ್ನಿಗೆ ಚುಕ್ಕಿ ಇಟ್ಟುಕೊಂಡು ತಂದ.
ನೀನೆಲ್ಲಿ ಕಲಿತೆ ತಾಯಿ ಎಂದು ಕೇಳುವಷ್ಟರಲ್ಲಿ
ಹಾನಗಲ್ ಕ್ರಾಸಿನಲ್ಲಿ ಅವಳು ಇಳಿದುಬಿಟ್ಟಿದ್ದಳು.

ಅಪ್ಪ ಹೋದ ಮೇಲೆ ರಟ್ಟಿನ ಸರವನ್ನು
ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.
ಹೊನ್ನೂರಪ್ಪ ಕೇಳಿದಾಗ
ಇಲ್ಲ ಅನ್ನಲು ಬಾಯಿ ಬರಲಿಲ್ಲ,
ಕೊಡಲು ಕೈ ಬರಲಿಲ್ಲ.
ಹಿಂದಿನ ರಾತ್ರಿ ನಾಲ್ಕು ರಟ್ಟು ಬಿಚ್ಚಿ
ಎರಡೆರಡು ತೂತಿಗೆ ಮೈದಾ ಅಂಟು ಹಚ್ಚಿ ಕಾಗದ ಮೆತ್ತಿದೆ.
ಎಂಟು ತೂತು. ಗಿಳಿಯ ಕಣ್ಣು.
ನೆಯ್ದುಕೋ, ಕುರುಡುಗಿಳಿ ನೆಯ್ದುಕೋ,
ಊರೆಲ್ಲ ನಗಲಿ ಎಂದುಕೊಂಡೆ.

ಯಾರೂ ನಗಲಿಲ್ಲ.
ಹಿರಿಯೂರಿನ ಮದುಮಗಳೊಬ್ಬಳು ಸೆರಗು ಬಿಡಿಸಿ
"ಅಯ್ಯೋ, ನಿದ್ದೆ ಮಾಡ್ತಿದೆ" ಅಂದಳಂತೆ.
ಅಲ್ಲಿಂದ ಶುರು.
ಚಳ್ಳಕೆರೆಯಿಂದ, ದಾವಣಗೆರೆಯಿಂದ ಹುಡುಕಿಕೊಂಡು ಬಂದರು,
ನಿದ್ದೆಗಿಳಿ ಇದೆಯಾ, ನಿದ್ದೆಗಿಳಿ?
ನನ್ನ ಕಣ್ಣಿದ್ದ ಗಿಳಿ ಕಪಾಟಿನಲ್ಲಿ
ಎಚ್ಚರವಾಗಿಯೇ ಕೂತಿತ್ತು.

ಈಗ ನಿಮ್ಮ ಚಿತ್ರ ನೋಡಿದೆ.
ಬಣ್ಣ ಬೇರೆ, ಕೊಕ್ಕು ತುಸು ಚೂಪು.
ಕಣ್ಣಿನ ಜಾಗದಲ್ಲಿ ಮಾತ್ರ ಅದೇ ಎಂಟು ಕಡೆ
ಎಳೆ ಮಲಗಿದೆ, ನಾನು ಮಲಗಿಸಿದ ಹಾಗೇ.
ನನ್ನ ಹೊಟ್ಟೆಕಿಚ್ಚು
ನಿಮ್ಮ ಸ್ವಂತ ಕಲ್ಪನೆ ಹೇಗಾಯಿತು ಸ್ವಾಮಿ?

ನಮ್ಮ ತಾಲ್ಲೂಕಿನ ಮೂರು ಕಡೆ ಬಂಡೆಯ ಮೇಲೆ
ಹಳೇ ದೊರೆಯೊಬ್ಬನ ಮಾತು ಕೆತ್ತಿದೆ,
ಮೂರರಲ್ಲೂ ಹೆಚ್ಚುಕಮ್ಮಿ ಅದೇ ಮಾತು.
ಶಾಲೆಯಿಂದ ನಡೆಸಿಕೊಂಡು ಹೋಗಿದ್ದರು.
ಬರೆದವನು ಕೊನೆಯಲ್ಲಿ ತನ್ನ ಹೆಸರೂ ಬಿಟ್ಟಿದ್ದಾನೆ
ಎಂದು ಮೇಷ್ಟ್ರು ಬೆರಳಿಟ್ಟು ತೋರಿಸಿದರು.
ನನಗೆ ಬರೀ ಗೀರು ಕಂಡಿತ್ತು.
ಇದಕ್ಕೂ ಅದಕ್ಕೂ ಏನು ಸಂಬಂಧವೋ,
ಬರೆಯುತ್ತಾ ನೆನಪಾಯಿತು.

ನಿನ್ನೆ ರಾತ್ರಿ ಹೊನ್ನೂರಪ್ಪನಿಗೆ ಅಂಟಿನ ವಿಷಯ ಹೇಳಿದೆ.
ಅವನು ಲಾಳಿ ನಿಲ್ಲಿಸಲಿಲ್ಲ.
"ಮೊದಲ ದಿನವೇ ಬೆರಳಿಗೆ ಸಿಕ್ಕಿತ್ತಕ್ಕಾ.
ಸೂಜಿ ಆಡಿಸಿದ್ರೆ ಹೋಗ್ತಿತ್ತು.
ನೀ ಮುಚ್ಚಿದ್ದೆ ಅಂದ್ರೆ ಏನೋ ಇರ್ಬೇಕು ಅಂತ ಬಿಟ್ಟೆ."

ಇದರ ಜೊತೆ ನಾಲ್ಕು ರಟ್ಟು ಕಳಿಸಿದ್ದೇನೆ. ನಕಲು.
ಅಸಲು ಸೊಸೈಟಿ ಗೋಡೆಯ ಮೊಳೆಗೆ ತೂಗಿದೆ,
ಬೇಕಾದವರು ನೋಡಿ ತೂತು ಹೊಡಕೊಳ್ಳಲಿ.
ನೀವೂ ನೆಯ್ಯಿರಿ. ಬೇಡ ಅನ್ನಲು ನಾನ್ಯಾರು?
ಸೀರೆಯ ಚೀಟಿಯಲ್ಲಿ ಮಾತ್ರ ಒಂದಿಷ್ಟು ಜಾಗ ಮಾಡಿ:

ಕೌದಿಯ ಮುದುಕಿ, ಹಾನಗಲ್ ಕ್ರಾಸು, ಹೆಸರು ಗೊತ್ತಿಲ್ಲ.
ಸಣ್ಣ ಪಾಲಯ್ಯ, ಬಸ್ ಟಿಕೇಟು.
ಪಂಪಕ್ಕ, ಮೈದಾ ಅಂಟು.
ಹೊನ್ನೂರಪ್ಪ, ಗೊತ್ತಿದ್ದೂ ಸುಮ್ಮನಿದ್ದವನು.

ಅದರ ಕೆಳಗೆ ನಿಮ್ಮ ಹೆಸರು,
ಜಾಗ ಉಳಿದರೆ.